ಮುರಗೂಡದ ಬೆಲ್ಲವನ್ನು ಯಾವ ಹೆಸರಿನಿಂದ ಹುಡುಕಬೇಕು?

ನಿಪ್ಪಾಣಿಯಿಂದ ಪಶ್ಚಿಮಕ್ಕೆ ಹೊರಟು ರಾಜ್ಯದ ಗಡಿ ದಾಟಿ 20-25 ಕಿ.ಮೀ. ಹೋದರೆ ಮುರಗೂಡ ಬರುತ್ತದೆ. ಕೊಲ್ಲಾಪುರ ಜಿಲ್ಲೆಯ ಕಾಗಲ ತಾಲೂಕಿನ ಪೇಟೆ ಊರು. ಮಗ್ಗುಲಲ್ಲಿ ವೇದಗಂಗಾ ನದಿ. ಈ ಹೊಳೆಗೆ ಗಡಿ ಗೊತ್ತಿಲ್ಲ. ಇಲ್ಲಿಂದ ಮುಂದೆ ಹರಿದು ಕರ್ನಾಟಕದ ಹೊಲಗಳಿಗೂ ನೀರುಣಿಸಿ, ದೂಧಗಂಗೆಯ ಜೊತೆಗೂಡಿ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿಯ ಪೇಟೆಗೂ ಗಡಿ ಗೊತ್ತಿಲ್ಲ. ನಮ್ಮ ಕಡೆಯ ರೈತ ಇಲ್ಲಿ ಮರಾಠಿಯಲ್ಲಿ ಚೌಕಾಶಿ ಮಾಡುತ್ತಾನೆ, ಮನಸ್ಸಿನಲ್ಲಿ ಲೆಕ್ಕವನ್ನು ಕನ್ನಡದಲ್ಲಿ ಹಾಕುತ್ತಾನೆ. ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯಲ್ಲಿಯೂ ಇದೇ ರೂಢಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿಯೂ ಇದೇ ರೂಢಿ.

ಆದರೆ ಈಗ ಎಲ್ಲ ಗಿರಾಕಿಗಳೂ ನಡೆದುಕೊಂಡು ಅಂಗಡಿಗೆ ಬರುವುದಿಲ್ಲ. ಪುಣೆಯಲ್ಲಿ ನೌಕರಿ ಮಾಡುವ ಮುರಗೂಡದ ಹುಡುಗ, ಬೆಂಗಳೂರಿನಲ್ಲಿ ಮನೆ ಮಾಡಿದ ಚಿಕ್ಕೋಡಿಯ ಹೆಣ್ಣುಮಗಳು, ಹುಬ್ಬಳ್ಳಿಯ ಸಗಟು ವ್ಯಾಪಾರಿ, ಇವರೆಲ್ಲ ಮೊದಲು ಬೆರಳು ಇಡುವುದು ಫೋನಿನ ಹುಡುಕು ಪೆಟ್ಟಿಗೆಯ ಮೇಲೆ. ಅಲ್ಲಿ ಏನು ಬರೆಯುತ್ತಾರೆ, ಬರೆದಾಗ ಯಾರ ಅಂಗಡಿ ಮೇಲೆ ಬರುತ್ತದೆ, ಯಾರದು ಬರುವುದೇ ಇಲ್ಲ ಎಂಬುದು ಇಂದು ನಮ್ಮ ಪೇಟೆಗಳ ಅನ್ನದ ಪ್ರಶ್ನೆ. ಇದನ್ನು ಕಂಪ್ಯೂಟರ್ ಕಲಿತವರ ವಿಷಯವೆಂದು ಬದಿಗಿಟ್ಟರೆ ನಷ್ಟ ನಮ್ಮದೇ. ಅದಕ್ಕಾಗಿಯೇ ಈ ಲೇಖನ.

ಒಂದೇ ಮಾಲು, ನಾಲ್ಕು ಹೆಸರು

ಕೊಲ್ಲಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಾಲಿಗೆ ಹೆಸರಿದೆ, ಹೆಸರಿಗೆ ಕಾಯಿದೆಯ ರಕ್ಷಣೆಯೂ ಇದೆ. ಆದರೆ ಗಿರಾಕಿ ಅದನ್ನು ಯಾವ ಹೆಸರಿನಿಂದ ಕರೆಯುತ್ತಾನೆ? ನಮಗೆ ಅದು ಬೆಲ್ಲ. ಮರಾಠಿಯವರಿಗೆ ಗೂಳ. ಹಿಂದಿಯವರಿಗೆ ಗುಡ್. ಇಂಗ್ಲಿಷ್ ಬಲ್ಲವರಿಗೆ ಜಾಗರಿ. ಅಂಗಡಿಕಾರ ತನ್ನ ಪುಟದ ಮೇಲೆ ‘ಗೂಳ’ ಎಂದಷ್ಟೇ ಬರೆದಿದ್ದರೆ, ಬೆಂಗಳೂರಿನಲ್ಲಿ ‘ಬೆಲ್ಲ’ ಎಂದು ಹುಡುಕಿದವರಿಗೆ ಆ ಅಂಗಡಿ ಸಿಗುವುದು ಕಷ್ಟ. ದೊಡ್ಡ ಹುಡುಕು ಯಂತ್ರಗಳು ಈಗ ಭಾಷೆಗಳ ನಡುವಿನ ನಂಟನ್ನು ಒಂದಿಷ್ಟು ಬಲ್ಲವು. ಆದರೂ ಬರೆದ ಶಬ್ದಕ್ಕೆ ಇರುವ ಬಲ ಬರೆಯದ ಶಬ್ದಕ್ಕೆ ಇಲ್ಲ.

ಇದು ಬೆಲ್ಲದ ಕಥೆ ಮಾತ್ರವಲ್ಲ. ನಾವು ಶೇಂಗಾ ಅನ್ನುತ್ತೇವೆ, ಮೈಸೂರಿನವರು ಕಡಲೆಕಾಯಿ ಅನ್ನುತ್ತಾರೆ, ಮರಾಠಿ ರೈತರು ಭುಯಿಮೂಗ ಅನ್ನುತ್ತಾರೆ. ನಮ್ಮಲ್ಲಿ ಜೋಳ ಅಂದರೆ ರೊಟ್ಟಿಯ ಜೋಳ, ಮರಾಠಿಯ ಜ್ವಾರಿ. ಬೆಂಗಳೂರಿನ ಕಡೆ ಬರೀ ಜೋಳ ಅಂದರೆ ಎಷ್ಟೋ ಮಂದಿಗೆ ನೆನಪಾಗುವುದು ನಮ್ಮ ಗೋವಿನಜೋಳ. ‘ಜೋಳದ ಹಿಟ್ಟು’ ಎಂದು ಹುಡುಕಿದವನಿಗೆ ಯಂತ್ರ ಯಾವ ಹಿಟ್ಟನ್ನು ತೋರಿಸಬೇಕು? ಮನುಷ್ಯರಾದರೆ ‘ಯಾವ್ದು ಬೇಕ್ರಿ, ಬಿಳಿಜೋಳನೋ ಗೋವಿನಜೋಳನೋ?’ ಅಂತ ಕೇಳುತ್ತಾರೆ. ಹುಡುಕು ಪೆಟ್ಟಿಗೆ ಹಾಗೆ ಕೇಳುವುದು ಅಪರೂಪ. ತನಗೆ ತೋಚಿದ್ದನ್ನು ಮುಂದಿಡುತ್ತದೆ.

ಊರಿನ ಹೆಸರಿನಲ್ಲಿಯೂ ಇದೇ ಪಜೀತಿ. ಕೊಲ್ಲಾಪುರ ಜಿಲ್ಲೆಯಲ್ಲಿ ಮುರಗೂಡ ಇದೆ, ಬೆಳಗಾವಿ ಜಿಲ್ಲೆಯಲ್ಲಿ ಮುರಗೋಡ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಅವಸರದಲ್ಲಿ ಬರೆದವನ ಮಾಲು ಈ ಮುರಗೂಡಕ್ಕೆ ಬರುವ ಬದಲು ಆ ಮುರಗೋಡಕ್ಕೆ ಹೋದರೆ ಆಶ್ಚರ್ಯವಿಲ್ಲ. ಬೆಳಗಾವಿಯ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಆದರೆ ಹಳೆಯ ‘ಬೆಳಗಾಂ’ ಎಂದೇ ಬರೆದು ಹುಡುಕುವವರು ಈಗಲೂ ಇದ್ದಾರೆ. ನಿಪ್ಪಾಣಿಗೆ ಒಂದು ‘ಪ’ ಹಾಕುವವರೂ ಎರಡು ಹಾಕುವವರೂ ಇದ್ದಾರೆ. ಇನ್ನು ಗಡಹಿಂಗ್ಲಜವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಅದಕ್ಕೆ ವಿಳಾಸದಲ್ಲಿ ತಾಲೂಕು, ಜಿಲ್ಲೆ, ಪಿನ್ ಕೋಡ್ ಮೂರನ್ನೂ ಬಿಡದೆ ಬರೆಯಬೇಕು. ಕೊಲ್ಲಾಪುರ ಜಿಲ್ಲೆಯ ಪಿನ್ 416ರಿಂದ ಶುರುವಾಗುತ್ತದೆ, ಬೆಳಗಾವಿ ಜಿಲ್ಲೆಯ ಹಳ್ಳಿಗಳದು 591ರಿಂದ. ಹೆಸರು ಮೋಸ ಮಾಡಿದರೂ ಅಂಕಿ ಮೋಸ ಮಾಡುವುದಿಲ್ಲ.

ಕಿರ್ದಿ ಮತ್ತು ಖತಾವಣಿ

ಹುಡುಕು ಯಂತ್ರ ಎಂದರೇನು ಎಂದು ಅಡತಿ ಅಂಗಡಿಯವರು ಕೇಳಿದರೆ ನಾನು ಅವರ ಪುಸ್ತಕದಿಂದಲೇ ಉತ್ತರ ಕೊಡುತ್ತೇನೆ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುವುದು ಕಿರ್ದಿ. ಅದರಿಂದ ಎತ್ತಿ ಒಬ್ಬೊಬ್ಬರ ಹೆಸರಿನ ಕೆಳಗೆ ಅವರವರ ಲೆಕ್ಕ ಹಚ್ಚುವುದು ಖತಾವಣಿ. ಒಬ್ಬ ರೈತ ಬಂದು ‘ನನ್ನ ಲೆಕ್ಕ ತೋರಸ್ರಿ’ ಅಂದಾಗ ಯಾರೂ ಇಡೀ ವರ್ಷದ ಕಿರ್ದಿ ತಿರುವುವುದಿಲ್ಲ. ಖತಾವಣಿಯಲ್ಲಿ ಅವನ ಪುಟ ತೆಗೆಯುತ್ತಾರೆ.

ಹುಡುಕು ಯಂತ್ರವೂ ಇದನ್ನೇ ಮಾಡುತ್ತದೆ. ಅದರ ತಂತ್ರಾಂಶವೊಂದು ಅಂತರ್ಜಾಲದ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದುಕೊಂಡು ಹೋಗುತ್ತ ಕಂಡದ್ದನ್ನೆಲ್ಲ ಓದಿಕೊಂಡು ಬರುತ್ತದೆ. ಅದು ಕಿರ್ದಿ. ಆಮೇಲೆ ಒಂದೊಂದು ಶಬ್ದದ ಕೆಳಗೆ ಅದು ಯಾವ ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿ ಇಡುತ್ತದೆ. ಅದು ಖತಾವಣಿ. ನಾವು ‘ಬೆಲ್ಲ’ ಎಂದು ಬರೆದ ಕ್ಷಣಕ್ಕೆ ಅದು ಜಗತ್ತನ್ನೆಲ್ಲ ಹುಡುಕಲು ಓಡುವುದಿಲ್ಲ. ಮೊದಲೇ ಬರೆದಿಟ್ಟ ಖತಾವಣಿಯಲ್ಲಿ ಬೆಲ್ಲದ ಪುಟ ತೆರೆಯುತ್ತದೆ. ಅಲ್ಲಿ ನಿಮ್ಮ ಅಂಗಡಿಯ ಹೆಸರು ಇಲ್ಲವೆಂದರೆ, ನಿಮ್ಮ ಮಾಲು ಎಷ್ಟೇ ಚೊಕ್ಕ ಇದ್ದರೂ ಅದಕ್ಕೆ ಗೊತ್ತಿಲ್ಲ.

ಪುಟಗಳು ಸಾವಿರಾರು ಇದ್ದಾಗ ಯಾವುದನ್ನು ಮೇಲೆ ಇಡಬೇಕು? ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಯಾಹೂನಂಥ ಕಂಪನಿಗಳು ಪುಟಗಳನ್ನು ಮನುಷ್ಯರ ಕೈಯಿಂದಲೇ ವಿಂಗಡಿಸಿ ಪಟ್ಟಿ ಮಾಡುತ್ತಿದ್ದವು. ಅದೇ ವರ್ಷದ ಕೊನೆಗೆ ಬಂದ ಆಲ್ಟಾವಿಸ್ಟಾ ಯಂತ್ರದಿಂದಲೇ ಹುಡುಕಿಸಿತು. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಒಂದು ಹೊಸ ಉಪಾಯ ಮುಂದಿಟ್ಟರು. ಒಂದು ಪುಟದ ಕಡೆಗೆ ಬೇರೆ ಎಷ್ಟು ಪುಟಗಳು ಬೆರಳು ತೋರಿಸುತ್ತವೆ, ಹಾಗೆ ತೋರಿಸುವವರ ಯೋಗ್ಯತೆ ಏನು ಎಂಬುದರ ಮೇಲೆ ಅದರ ತೂಕ ಹಾಕುವುದು. ನಮಗೆ ಇದು ಹೊಸದಲ್ಲ. ದಾರಿಹೋಕ ಹತ್ತು ಮಂದಿ ಹೊಗಳಿದ ಅಡತಿ ಅಂಗಡಿಗಿಂತ, ಊರಿನ ಇಬ್ಬರು ಹಿರಿಯ ರೈತರು ‘ಅಲ್ಲಿಗೆ ಹಾಕ್ರಿ ಮಾಲು’ ಅಂದ ಅಂಗಡಿಯನ್ನೇ ನಾವು ನಂಬುತ್ತೇವಲ್ಲವೇ? ಆ ಉಪಾಯದ ಮೇಲೆ ಗೂಗಲ್ ಕಂಪನಿ ಬೆಳೆಯಿತು. ಇಂದು ಅದರ ತೂಕದ ಲೆಕ್ಕದಲ್ಲಿ ಇನ್ನೂ ಅನೇಕ ಸಂಗತಿಗಳು ಸೇರಿವೆ. ಆದರೂ ಮೂಲ ನ್ಯಾಯ ಅದೇ: ನಾಲ್ಕು ಮಂದಿ ಒಪ್ಪಿದ್ದು ಮೇಲೆ ಬರುತ್ತದೆ.

ಸವಾಲು ಕೂಗಿ ಮೇಲೆ ಬರುವವರು

ಹುಡುಕಿದಾಗ ಎಲ್ಲಕ್ಕೂ ಮೇಲೆ ಕಾಣುವ ಒಂದೆರಡು ಹೆಸರುಗಳ ಬಗ್ಗೆ ಎಚ್ಚರವಿರಲಿ. ಅವು ಬಹುತೇಕ ಜಾಹೀರಾತು. ‘ಪ್ರಾಯೋಜಿತ’ ಎಂಬ ಅರ್ಥದ ಸಣ್ಣ ಅಕ್ಷರ ಅಲ್ಲಿರುತ್ತದೆ. ಗೂಗಲ್ ಈ ಜಾಹೀರಾತಿನ ವ್ಯಾಪಾರವನ್ನು 2000ದಲ್ಲಿ ಶುರು ಮಾಡಿತು. ಇದು ಮಾರ್ಕೆಟ್ ಯಾರ್ಡಿನ ಲಿಲಾವಿನಂತೆಯೇ. ಒಂದು ಶಬ್ದಕ್ಕೆ ಯಾರು ಎಷ್ಟು ಕೊಡುತ್ತಾರೆ ಎಂದು ಸವಾಲು ನಡೆಯುತ್ತದೆ. ಗಿರಾಕಿ ಆ ಹೆಸರಿನ ಮೇಲೆ ಬೆರಳು ಒತ್ತಿದಾಗ ರೊಕ್ಕ ಬೀಳುತ್ತದೆ. ವ್ಯತ್ಯಾಸವೇನೆಂದರೆ ಹೆಚ್ಚು ಕೂಗಿದವನೇ ಗೆಲ್ಲುತ್ತಾನೆ ಎಂದಿಲ್ಲ. ಜಾಹೀರಾತು ಹುಡುಕಿದ ಶಬ್ದಕ್ಕೆ ಹೊಂದುತ್ತದೋ ಇಲ್ಲವೋ ಎಂಬುದನ್ನೂ ತೂಗುತ್ತಾರೆ.

ಜಾಹೀರಾತಿನ ಕೆಳಗೆ ಬರುವ ಸಾಮಾನ್ಯ ಪಟ್ಟಿಯಲ್ಲಿ ಮಾತ್ರ ರೊಕ್ಕ ಕೊಟ್ಟು ಮೇಲೇರಲು ಬರುವುದಿಲ್ಲ. ಇದನ್ನು ನಮ್ಮ ವ್ಯಾಪಾರಿಗಳು ಗಟ್ಟಿಯಾಗಿ ನೆನಪಿಡಬೇಕು. ‘ನಾವು ಗೂಗಲ್ ಕಡೆಯವರು, ಇಷ್ಟು ಸಾವಿರ ಕೊಡ್ರಿ, ನಿಮ್ಮ ಅಂಗಡಿ ಮೊದಲನೇ ನಂಬರಿಗೆ ಹಚ್ತೀವಿ’ ಎಂದು ಫೋನ್ ಮಾಡುವವರ ಮಾತು ನಂಬಬಾರದು. ಒಂದನೇ ನಂಬರಿನ ಖಾತರಿ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಇನ್ನೊಂದು ಬಗೆಯವರು ಯಾದಿಯ ಕಂಪನಿಗಳು. ಜಸ್ಟ್‌ಡಯಲ್ ಮತ್ತು ಇಂಡಿಯಾಮಾರ್ಟ್ ಎರಡೂ 1996ರಲ್ಲಿ ಶುರುವಾದವು. ಒಂದು ಫೋನಿನ ಮೇಲೆ ಅಂಗಡಿಗಳ ನಂಬರ್ ಹೇಳುತ್ತ ಬೆಳೆಯಿತು, ಇನ್ನೊಂದು ಸಗಟು ಕೊಳ್ಳುವವರನ್ನು ಮಾರುವವರ ಜೊತೆ ಗಂಟು ಹಾಕುತ್ತ ಬೆಳೆಯಿತು. ಇವುಗಳಿಂದ ಉಪಯೋಗ ಇಲ್ಲವೆಂದಲ್ಲ. ಆದರೆ ಇಲ್ಲಿ ಒಬ್ಬ ಗಿರಾಕಿಯ ವಿಚಾರಣೆ ಒಬ್ಬ ವ್ಯಾಪಾರಿಗೆ ಮಾತ್ರ ಹೋಗುವುದಿಲ್ಲ, ಹಲವರಿಗೆ ಹೋಗುತ್ತದೆ. ಎಲ್ಲರೂ ಒಟ್ಟಿಗೆ ಫೋನ್ ಮಾಡಿದಾಗ ದರ ಇಳಿಯುತ್ತದೆ. ವರ್ಷದ ಚಂದಾ ಕಟ್ಟುವ ಮೊದಲು, ಅದರಿಂದ ಬಂದ ಗಿರಾಕಿ ಎಷ್ಟು, ಉಳಿದ ಲಾಭ ಎಷ್ಟು ಎಂದು ಬೇರೆ ಖಾತೆ ಹಚ್ಚಿ ನೋಡುವುದು ಒಳ್ಳೆಯದು. ದಲಾಲಿ ಕೊಡುವಾಗ ನೋಡುವ ಲೆಕ್ಕವನ್ನು ಇಲ್ಲಿಯೂ ನೋಡಬೇಕು.

ನಕಾಶೆಯ ಮೇಲಿನ ಅಂಗಡಿ

ಮುರಗೂಡದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯನ್ನು ಭೇಟಿಯಾದೆ. ಹೆಸರು ಬರೆಯಬ್ಯಾಡ್ರಿ ಅಂದರು, ಬರೆದಿಲ್ಲ. ತಂದೆ ಗದ್ದುಗೆಯ ಮೇಲೆ, ಮಗ ಫೋನಿನ ಮೇಲೆ. ಕಿಲೋ ಬೆಲ್ಲದ ಡಬ್ಬಿ ಕಟ್ಟಿ ಕೊರಿಯರ್ ಮೂಲಕ ದೂರದ ಊರಿಗೆ ಕಳಿಸುವುದು ಮಗನ ಉಮೇದಿ. ಫೋನಿನ ನಕಾಶೆಯೊಂದರಲ್ಲಿ ಅವರ ಅಂಗಡಿಯ ಹೆಸರು ತಾನಾಗಿಯೇ ಬಂದಿತ್ತು. ಯಾರೋ ದಾರಿಹೋಕರು ಹಾಕಿದ್ದು. ಇವರು ಅದನ್ನು ತಮ್ಮದೆಂದು ನೋಂದಾಯಿಸಿರಲಿಲ್ಲ.

“ದೀಪಾವಳಿ ಮುಂದ ಏನಾತು ಅಂದ್ರ, ಆ ಹೆಸರಿನ ಕೆಳಗ ನಮ್ಮ ನಂಬರ್ ಹೋಗಿ ಬ್ಯಾರೇ ನಂಬರ್ ಕುಂತಿತ್ರಿ,” ಎಂದರು ಹಿರಿಯರು. “ಬೆಂಗಳೂರಿನ ಒಬ್ಬರು ಆ ನಂಬರಿಗೆ ಮಾತಾಡಿ, ಬೆಲ್ಲಕ್ಕಂತ ಐದು ಸಾವಿರ ರೂಪಾಯಿ ಮುಂಗಡ ಹಾಕ್ಯಾರ. ನಮಗ ಪತ್ತೇನ ಇಲ್ಲ. ಮಾಲು ಬರಲಿಲ್ಲಂತ ಹಿಂದಿನ ವರ್ಷದ ಡಬ್ಬಿ ಮ್ಯಾಲಿನ ನಂಬರ್ ನೋಡಿ ನಮಗ ಫೋನ್ ಹಚ್ಚಿದ್ರು. ಏನ್ ಬೈದ್ರು ಅಂತೀರಿ! ಐದು ಸಾವಿರ ದೊಡ್ಡದಲ್ರಿ. ಕಳ್ಳರು ಅಂದ್ರಲ್ಲ, ಅದು ದೊಡ್ಡದು.”

ಮುಂದೆ ಏನು ಮಾಡಿದಿರಿ ಎಂದು ಕೇಳಿದೆ. ಮಗ ಉತ್ತರ ಕೊಟ್ಟ: “ಅಪ್ಪ ಮಾಲು ಕಳಸು ಅಂದ್ರು. ನಾ ಬ್ಯಾಡ ಅಂದೆ. ರೊಕ್ಕ ನಮಗ ಮುಟ್ಟಿಲ್ಲಲ್ಲ.” ತಂದೆ ಅಲ್ಲಿಯೇ ತಡೆದರು. “ರೊಕ್ಕ ನಮ್ಮ ಹೆಸರ ನಂಬಿ ಹೋಗೇತಿ. ಹೆಸರ ನಮ್ದು ಅಂದಮ್ಯಾಲ ಮಾಲೂ ನಮ್ದ.” ಬೆಲ್ಲ ಹೋಯಿತು. ಆ ಗಿರಾಕಿ ಇಂದಿಗೂ ತರಿಸುತ್ತಾರಂತೆ. ಆದರೆ ಆ ದೀಪಾವಳಿಯಲ್ಲಿ ಇನ್ನೆಷ್ಟು ಜನ ಆ ನಂಬರಿಗೆ ಫೋನ್ ಮಾಡಿ ಸುಮ್ಮನಾದರೋ, ಅದರ ಲೆಕ್ಕ ಯಾವ ಖತಾವಣಿಯಲ್ಲಿಯೂ ಇಲ್ಲ.

ಇಂಥದ್ದು ನಡೆಯುವುದು ಹೇಗೆ? ನಕಾಶೆಯ ಮೇಲೆ ಮಾಲಕ ತನ್ನದೆಂದು ಹಕ್ಕು ಹೇಳದ ಅಂಗಡಿ ಬೇಲಿ ಇಲ್ಲದ ಹೊಲದಂತೆ. ವಿಳಾಸ, ಫೋನ್ ನಂಬರ್, ತೆರೆಯುವ ವೇಳೆ ಇವನ್ನು ತಿದ್ದಲು ಯಾರು ಬೇಕಾದರೂ ಸೂಚಿಸಬಹುದು. ‘ಈ ಅಂಗಡಿ ಕಾಯಂ ಮುಚ್ಚಿದೆ’ ಎಂದೂ ಸೂಚಿಸಬಹುದು. ಮಾಲಕನ ಕಣ್ಣು ಅದರ ಮೇಲೆ ಇಲ್ಲದಿದ್ದರೆ ತಪ್ಪು ಸೂಚನೆಯೂ ದಾಟಿಹೋಗುವ ಸಂಭವ ಇದೆ. ಹಕ್ಕು ನೋಂದಾಯಿಸಿದವನಿಗೆ ಇಂಥ ಬದಲಾವಣೆಗಳನ್ನು ನೋಡಿ ತಿದ್ದುವ ಅವಕಾಶ ಸಿಗುತ್ತದೆ.

ಗೂಗಲ್‌ನಲ್ಲಿ ಅಂಗಡಿಯ ವಿವರ ನೋಂದಾಯಿಸುವ ಈ ಸೌಲಭ್ಯ 2014ರಲ್ಲಿ ‘ಮೈ ಬಿಸಿನೆಸ್’ ಎಂಬ ಹೆಸರಿನಿಂದ ಬಂತು, 2021ರಿಂದ ‘ಬಿಸಿನೆಸ್ ಪ್ರೊಫೈಲ್’ ಎಂದಾಗಿದೆ. ಇದಕ್ಕೆ ಒಂದು ಪೈಸೆಯೂ ಇಲ್ಲ. ಫೋನ್, ಇ-ಮೇಲ್, ಅಂಚೆ ಕಾರ್ಡು ಅಥವಾ ಅಂಗಡಿಯ ವಿಡಿಯೋ, ಇವುಗಳಲ್ಲಿ ಅವರು ಕೇಳಿದ ರೀತಿಯಿಂದ ಅಂಗಡಿ ನಿಮ್ಮದೆಂದು ತೋರಿಸಿಕೊಟ್ಟರೆ ಆಯಿತು. ಸಮೀಪದ ಅಂಗಡಿಗಳನ್ನು ತೋರಿಸುವಾಗ ಮೂರು ಸಂಗತಿ ನೋಡುತ್ತೇವೆಂದು ಆ ಕಂಪನಿಯೇ ಹೇಳುತ್ತದೆ: ಕೇಳಿದ್ದಕ್ಕೂ ಅಂಗಡಿಗೂ ಹೊಂದಾಣಿಕೆ, ದೂರ, ಮತ್ತು ಅಂಗಡಿಯ ಹೆಸರುವಾಸಿ. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ನಮ್ಮ ಕೈಯಲ್ಲಿವೆ. ರೊಕ್ಕ ಕೊಟ್ಟು ಒಳ್ಳೆಯ ಅಭಿಪ್ರಾಯ ಬರೆಸುವುದು, ಅಂಗಡಿಯ ಹೆಸರಿಗೆ ಮಾಲಿನ ಹೆಸರುಗಳ ಬಾಲ ಕಟ್ಟುವುದು ಎರಡೂ ಅವರ ನಿಯಮಕ್ಕೆ ವಿರುದ್ಧ.

ಇನ್ನು ಗಿರಾಕಿಯ ಕಡೆಯಿಂದ ಒಂದು ಮಾತು. ಬ್ಯಾಂಕಿನದಾಗಲಿ ಕೊರಿಯರಿನದಾಗಲಿ ದೂರು ಹೇಳುವ ನಂಬರನ್ನು ಹುಡುಕು ಪೆಟ್ಟಿಗೆಯಿಂದ ಎತ್ತಬೇಡಿ. ಪಾಸ್‌ಬುಕ್, ಎಟಿಎಂ ಕಾರ್ಡಿನ ಬೆನ್ನು, ರಸೀತಿ ಇವುಗಳ ಮೇಲೆ ಅಚ್ಚಾದ ನಂಬರನ್ನೇ ನಂಬಿ. ರೊಕ್ಕ ಪಡೆಯಲು ಯುಪಿಐ ಪಿನ್ ಹಾಕುವ ಅವಶ್ಯಕತೆ ಎಂದಿಗೂ ಇಲ್ಲ. ಹಾಕಿರಿ ಅಂದವನು ಠಕ್ಕ. ಮೋಸವಾಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಗಡಿಯ ಆ ಕಡೆ ಇರಲಿ, ಈ ಕಡೆ ಇರಲಿ, ನಂಬರ್ ಒಂದೇ. ತಡವಾದಷ್ಟೂ ರೊಕ್ಕ ಕೈ ಬದಲಾಯಿಸಿ ದೂರ ಹೋಗುತ್ತದೆ.

ಅಕ್ಷರ ಕಂಡರೂ ಯಂತ್ರಕ್ಕೆ ಕಾಣದು

ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ ಎಂಬ ದೂರು ಬಹಳ ದಿನಗಳದು. ಅದಕ್ಕೆ ಒಂದು ಕಾರಣ ನಮ್ಮ ಹಳೆಯ ಅಕ್ಷರ ಪದ್ಧತಿ. ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿದ್ದ ಬಹುತೇಕ ತಂತ್ರಾಂಶಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಹುಡುಕು ಯಂತ್ರಕ್ಕೂ ಅದು ಹಾಗೆಯೇ ಕಾಣುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಕೇತ ಕೊಟ್ಟ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿತ್ತು. ಆದರೆ ಅದು ನಮ್ಮ ಟೇಬಲ್ಲಿಗೆ ಬರಲು ಇನ್ನೂ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಈಗ ಫೋನಿನಲ್ಲಿ ಬರೆದದ್ದೆಲ್ಲ ಯುನಿಕೋಡ್. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಬಾಯಿಂದ ಹೇಳಿ ಬರೆಸುವ ಅನುಕೂಲ ಕೊಟ್ಟಿತು. ಹೀಗಾಗಿ ಬರೆಯಲು ಬೇಸರಪಡುವ ರೈತನೂ ಹುಡುಕಬಲ್ಲ. ಆದರೆ ನಮ್ಮ ಅಂಗಡಿಗಳವರು ಮಾಡುವುದೇನು? ದರಪಟ್ಟಿಯನ್ನು ಚೆಂದಾಗಿ ಛಾಪಿಸಿ, ಅದರ ಫೋಟೋ ತೆಗೆದು ಹಾಕುತ್ತಾರೆ. ಫೋಟೋದೊಳಗಿನ ಅಕ್ಷರವನ್ನು ಯಂತ್ರ ಓದಿದರೆ ಓದೀತು, ಬಿಟ್ಟರೆ ಬಿಟ್ಟೀತು. ಅದೇ ನಾಲ್ಕು ಸಾಲನ್ನು ಅಕ್ಷರದಲ್ಲಿ ಬರೆದರೆ ಖತಾವಣಿಯಲ್ಲಿ ಸೇರುತ್ತದೆ.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು 2021ರ ಜೂನ್ ತಿಂಗಳಲ್ಲಿ ಕಂಡರು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಯಾರೋ ಹುಡುಕಿದರೆ ಗೂಗಲ್ ಉತ್ತರವಾಗಿ ಕನ್ನಡದ ಹೆಸರು ತೋರಿಸಿತು. ನಾಡೆಲ್ಲ ಸಿಟ್ಟಿಗೆದ್ದಿತು, ಸರಕಾರ ಕಾನೂನು ಕ್ರಮದ ಮಾತಾಡಿತು, ಕಂಪನಿ ಆ ಉತ್ತರ ತೆಗೆದು ಕ್ಷಮೆ ಕೇಳಿತು. ಸಿಟ್ಟು ನ್ಯಾಯದ್ದೇ. ಆದರೆ ಆ ಘಟನೆಯಲ್ಲಿ ತಿಳಿಯಬೇಕಾದ ಪಾಠವೂ ಇದೆ. ಯಂತ್ರಕ್ಕೆ ಸ್ವಂತ ಅಭಿಪ್ರಾಯವಿಲ್ಲ. ಎಲ್ಲಿಯೋ ಯಾರೋ ಬರೆದ ಕೆಲಸಕ್ಕೆ ಬಾರದ ಪುಟವನ್ನು ಎತ್ತಿ ಉತ್ತರವೆಂದು ಮುಂದಿಟ್ಟಿತು. ಆ ಪ್ರಶ್ನೆಗೆ ಎದುರಾಗಿ ನಿಲ್ಲುವ ಪುಟಗಳು ಹೆಚ್ಚು ಇರಲಿಲ್ಲ. ಜಾಗ ಖಾಲಿ ಬಿಟ್ಟರೆ ಕಸ ಬೆಳೆಯುತ್ತದೆ ಎಂಬ ಮಾತು ಹೊಲಕ್ಕೂ ನಿಜ, ಹುಡುಕು ಯಂತ್ರಕ್ಕೂ ನಿಜ. ನಮ್ಮ ಅಂಗಡಿಯ ಬಗ್ಗೆ ನಾವು ಬರೆಯದಿದ್ದರೆ, ಇನ್ನೊಬ್ಬರು ಬರೆದದ್ದೇ ನಮ್ಮ ಗುರುತಾಗುತ್ತದೆ.

ಕೊಲ್ಲಾಪುರಿ ಚಪ್ಪಲಿಯದೂ ಇದೇ ಮಾತು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ನಾಲ್ಕು ಜಿಲ್ಲೆಗಳ ಚರ್ಮಕಾರರಿಗೆ ಅದರ ಹಕ್ಕು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೋರಿಸಿದಾಗ ಅದನ್ನು ಬರೀ ಚರ್ಮದ ಚಪ್ಪಲಿ ಎಂದು ಕರೆಯಿತು. ಗದ್ದಲವಾದ ಮೇಲೆ ಭಾರತದ ಕಸುಬಿನ ಪ್ರೇರಣೆ ಎಂದು ಒಪ್ಪಿತು. ಹೆಸರು ಹೇಳಿದರೆ ತಾನೇ ನೋಡಿದವನು ಆ ಹೆಸರು ಹಿಡಿದು ಮೂಲ ಕಸುಬುದಾರನ ತನಕ ಹುಡುಕಿಕೊಂಡು ಬಂದಾನು? ಹೆಸರು ಅಳಿಸಿದರೆ ದಾರಿಯೇ ಅಳಿಸಿದಂತೆ.

ವಾರಣೆಯ ಪಾಠ

ಈ ಜಿಲ್ಲೆಗೆ ಇಂಥ ಪ್ರಯೋಗ ಹೊಸದಲ್ಲ. ತಾತ್ಯಾಸಾಹೇಬ ಕೋರೆಯವರು ಕಟ್ಟಿದ ವಾರಣಾ ಸಹಕಾರಿ ಬಳಗದ ಊರುಗಳಲ್ಲಿ 1998ರಲ್ಲಿ ‘ವಾರಣಾ ವಾಯರ್ಡ್ ವಿಲೇಜ್’ ಯೋಜನೆ ಶುರುವಾಯಿತು. ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ 70 ಹಳ್ಳಿಗಳಿಗೆ ಕಂಪ್ಯೂಟರ್ ಕಟ್ಟೆಗಳು. ಕಬ್ಬಿನ ಲೆಕ್ಕದ ಜೊತೆಗೆ ಪೇಟೆ ಧಾರಣೆ, ಬೇಸಾಯದ ಮಾಹಿತಿ ಎಲ್ಲವೂ ಸಿಗಬೇಕೆಂಬ ದೊಡ್ಡ ಕನಸು. ಕೊನೆಗೆ ರೈತ ಆ ಕಟ್ಟೆಗೆ ಬಂದದ್ದು ಹೆಚ್ಚಾಗಿ ತನ್ನ ಕಬ್ಬಿನ ತೂಕ, ಪಾವತಿ, ಗೊಬ್ಬರದ ಲೆಕ್ಕ ನೋಡಲು. ಮುಂದೆ ಮೈಕ್ರೋಸಾಫ್ಟ್ ಸಂಶೋಧಕರು ಕೆಲವು ಹಳ್ಳಿಗಳಲ್ಲಿ ಕಂಪ್ಯೂಟರಿನ ಬದಲು ಮೊಬೈಲ್ ಸಂದೇಶದಿಂದಲೇ ಆ ಲೆಕ್ಕ ತಲುಪಿಸುವ ಪ್ರಯೋಗ ಮಾಡಿದರು.

ಇದರಲ್ಲಿ ತಿಳಿಯುವುದಿಷ್ಟು. ರೈತನಿಗೆ ಬೇಕಾದ್ದು ಮಾಹಿತಿಯ ಸಾಗರ ಅಲ್ಲ, ತನ್ನ ಪ್ರಶ್ನೆಗೆ ಒಂದು ಸರಿ ಉತ್ತರ. ಅದನ್ನು ಅವನ ಮಾತಿನಲ್ಲಿ, ಅವನ ಕೈಯಲ್ಲಿರುವ ಸಾಧನದಲ್ಲಿ ಕೊಟ್ಟರೆ ನಡೆಯುತ್ತದೆ. ಇಲ್ಲವಾದರೆ ಎಂಥ ಯಂತ್ರ ತಂದಿಟ್ಟರೂ ಧೂಳು ತಿನ್ನುತ್ತದೆ.

ಸ್ವಂತ ಪುಟ, ಸ್ವಂತ ಹುಡುಕು ಪೆಟ್ಟಿಗೆ

ಪುಕ್ಕಟೆ ಸಿಕ್ಕದ್ದು ಎಂದಿಗೂ ಇರುತ್ತದೆ ಎಂದು ನಂಬುವಂತಿಲ್ಲ. ಬಿಸಿನೆಸ್ ಪ್ರೊಫೈಲ್ ಜೊತೆಗೆ ಗೂಗಲ್ ಕೊಡುತ್ತಿದ್ದ ಪುಕ್ಕಟೆ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಅದೇ ವಿಳಾಸವನ್ನು ಬಿಲ್ಲಿನ ಮೇಲೆ, ಚೀಲದ ಮೇಲೆ ಛಾಪಿಸಿಕೊಂಡ ಸಣ್ಣ ಅಂಗಡಿಗಳಿಗೆ ಹೊಸ ವಿಳಾಸ ಹುಡುಕುವ ಪಾಳಿ ಬಂತು. ಬಾಡಿಗೆ ಕಟ್ಟೆಯ ಮೇಲೆ ಎಷ್ಟೇ ವ್ಯಾಪಾರ ಮಾಡಿದರೂ ಸ್ವಂತದ ಒಂದು ಗಾಳೆ ಇರಬೇಕು ಎಂಬ ಪೇಟೆಯ ಗಾದೆಮಾತು ಇಲ್ಲಿಯೂ ಸಲ್ಲುತ್ತದೆ. ಸ್ವಂತ ಹೆಸರಿನ ವಿಳಾಸ ಕೊಂಡು ಸಣ್ಣದೊಂದು ಪುಟ ಇಟ್ಟುಕೊಂಡರೆ, ಅದರ ಶುಲ್ಕವನ್ನು ತಪ್ಪದೆ ಕಟ್ಟುತ್ತಿರುವ ತನಕ ಅದು ನಮ್ಮ ಕೈಯಲ್ಲಿಯೇ ಇರುತ್ತದೆ.

ಹತ್ತಿಪ್ಪತ್ತು ಮಾಲಿನ ಅಂಗಡಿಗೆ ಒಂದು ಪಟ್ಟಿ ಸಾಕು. ಆದರೆ ಇಚಲಕರಂಜಿಯ ಬಟ್ಟೆ ವ್ಯಾಪಾರಿಯಂತೆ, ಬೀಜ-ಗೊಬ್ಬರದ ಅಂಗಡಿಯಂತೆ ನೂರಾರು ಬಗೆ ಇದ್ದವರ ತಾಣದಲ್ಲಿ ಒಳಗೆಯೇ ಒಂದು ಹುಡುಕು ಪೆಟ್ಟಿಗೆ ಬೇಕು. ಇದಕ್ಕೆ ‘ಲೂಸೀನ್’ನಂಥ ಉಚಿತ ತಂತ್ರಾಂಶಗಳು 1999ರಿಂದಲೂ ಇವೆ, ತಾಣ ಕಟ್ಟಿಕೊಡುವ ಹುಡುಗರಿಗೆ ಗೊತ್ತಿರುತ್ತದೆ. ಆದರೆ ಅವರಿಗೆ ಗೊತ್ತಿಲ್ಲದ್ದು ನಮ್ಮ ಭಾಷೆಯ ನಡಿಗೆ. ಕನ್ನಡದಲ್ಲಿ ಬೆಲ್ಲ ಎಂಬುದು ಬೆಲ್ಲದ, ಬೆಲ್ಲಕ್ಕೆ, ಬೆಲ್ಲವನ್ನು ಎಂದು ಬಾಲ ಬೆಳೆಸಿಕೊಳ್ಳುತ್ತದೆ. ಮರಾಠಿಯಲ್ಲಿ ಗೂಳ ಎಂಬುದರ ದೀರ್ಘವೇ ಹೋಗಿ ಗುಳಾಚಾ ಆಗುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಪೆಟ್ಟಿಗೆಗೆ ಇವೆಲ್ಲ ಬೇರೆ ಬೇರೆ ಶಬ್ದ. ಆದ್ದರಿಂದ ಒಂದೊಂದು ಮಾಲಿಗೂ ಸಮಾನ ಹೆಸರುಗಳ ಯಾದಿ ಮಾಡಿ ಕೊಡಬೇಕು. ಬೆಲ್ಲ, ಗೂಳ, ಗುಡ್, ಜಾಗರಿ ಒಂದು ಸಾಲು. ಶೇಂಗಾ, ಕಡಲೆಕಾಯಿ, ಭುಯಿಮೂಗ ಇನ್ನೊಂದು ಸಾಲು. ಅರಿಶಿಣ, ಹಳದ ಮತ್ತೊಂದು. ಜನ ಮಾಡುವ ಕಾಗುಣಿತದ ತಪ್ಪುಗಳೂ ಅದೇ ಸಾಲಿನಲ್ಲಿರಲಿ. ಈ ಯಾದಿಯನ್ನು ಯಾವ ದೊಡ್ಡ ಕಂಪನಿಯ ಎಂಜಿನಿಯರನೂ ಮುರಗೂಡದ ಅಂಗಡಿಕಾರನಷ್ಟು ಚೆನ್ನಾಗಿ ಮಾಡಲಾರ.

ಇನ್ನೊಂದು ಮುಖ್ಯ ಕೆಲಸ, ಹುಡುಕಿ ಸಿಗದೆ ಹೋದವುಗಳ ಪಟ್ಟಿ ನೋಡುವುದು. ಜಾಣ ದುಕಾನದಾರ ‘ಅದು ಇಲ್ರಿ’ ಎಂದು ಗಿರಾಕಿಯನ್ನು ಕಳಿಸಿದ ಮೇಲೆ, ಕೇಳಿದ ಮಾಲನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಹತ್ತು ಮಂದಿ ಅದನ್ನೇ ಕೇಳಿದರೆ ಮುಂದಿನ ವಾರ ತರಿಸುತ್ತಾನೆ. ತಾಣದ ಹುಡುಕು ಪೆಟ್ಟಿಗೆಯೂ ಇಂಥ ಚೀಟಿಯನ್ನು ಇಡಬಲ್ಲದು. ಎಷ್ಟೋ ಸಲ ಮಾಲು ಇದ್ದೂ ಹೆಸರು ಬೇರೆ ಆದದ್ದಕ್ಕೆ ‘ಸಿಗಲಿಲ್ಲ’ ಎಂದು ಬಂದಿರುತ್ತದೆ. ವಾರಕ್ಕೊಮ್ಮೆ ಆ ಚೀಟಿ ನೋಡಿ ಯಾದಿ ತಿದ್ದಿದರೆ ಹೋದ ಗಿರಾಕಿ ಮತ್ತೆ ಸಿಗುತ್ತಾನೆ.

ಕೃತಕ ಬುದ್ಧಿಮತ್ತೆಯ ಸಾರಾಂಶ ಉತ್ತರಗಳನ್ನು ಗೂಗಲ್ 2024ರ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ತೋರಿಸಲು ಶುರು ಮಾಡಿತು. ಓದುಗ ಮೇಲಿನ ಸಾರಾಂಶ ಓದಿ ಕೆಳಗಿನ ಪುಟಗಳಿಗೆ ಹೋಗದೆ ಇರಬಹುದು. ಆದರೆ ಆ ಸಾರಾಂಶವನ್ನೂ ಯಂತ್ರ ಬರೆದಿಟ್ಟ ಪುಟಗಳಿಂದಲೇ ಎತ್ತಿಕೊಳ್ಳುತ್ತದೆ. ಹೀಗಾಗಿ ದರ, ತಳಿ, ತೂಕ, ಕಳಿಸುವ ರೀತಿ, ವಿಳಾಸ ಇವನ್ನು ಸ್ಪಷ್ಟವಾಗಿ ಬರೆದವರ ಮಹತ್ವ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಗಡಿಯವರಿಗೆ ಇದು ಹೊರೆಯಲ್ಲ

ಎರಡು ಭಾಷೆಯಲ್ಲಿ ಬೋರ್ಡು ಬರೆಯಬೇಕೋ ಒಂದರಲ್ಲಿಯೋ ಎಂದು ನಮ್ಮ ಊರುಗಳಲ್ಲಿ ಎಷ್ಟೋ ಜಗಳಗಳಾಗಿವೆ. ಹುಡುಕು ಪೆಟ್ಟಿಗೆಯ ಮುಂದೆ ಆ ಜಗಳ ನಡೆಯುವುದಿಲ್ಲ. ಅಲ್ಲಿ ಗಿರಾಕಿ ಯಾವ ಭಾಷೆಯಲ್ಲಿ ಕೇಳಿದನೋ ಆ ಭಾಷೆಯಲ್ಲಿ ಹೆಸರಿದ್ದವನೇ ಸಿಗುತ್ತಾನೆ. ಬೆಂಗಳೂರಿನ ವ್ಯಾಪಾರಿ ಮರಾಠಿಯ ಶಬ್ದ ಕಲಿಯಲು ಯಾರನ್ನಾದರೂ ಕೇಳಬೇಕು. ಪುಣೆಯವನು ಕನ್ನಡದ ಶಬ್ದಕ್ಕೆ ತಡಕಾಡಬೇಕು. ಮುರಗೂಡ, ನಿಪ್ಪಾಣಿ, ಗಡಹಿಂಗ್ಲಜದವರಿಗೆ ಎರಡೂ ತೊಟ್ಟಿಲಿನಿಂದ ಬಂದ ಸೊತ್ತು. ಅದನ್ನು ಬಾಯಿಯಲ್ಲಿ ಮಾತ್ರ ಇಟ್ಟುಕೊಳ್ಳದೆ ಅಕ್ಷರದಲ್ಲಿಯೂ ಇಡಬೇಕು.

ಈ ವಾರದ ಸಂತೆ ಮುಗಿದ ಮೇಲೆ ಅಂಗಡಿಕಾರರು ಒಂದು ತಾಸು ಬಿಡುವು ಮಾಡಿಕೊಳ್ಳಲಿ. ನಕಾಶೆಯಲ್ಲಿ ತಮ್ಮ ಅಂಗಡಿ ಇದೆಯೇ, ನಂಬರ್ ತಮ್ಮದೇ ಇದೆಯೇ ನೋಡಲಿ. ಮಾಲಿನ ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಬರೆಯಲಿ. ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ ಅವರನ್ನು ಜೊತೆಗೆ ಕೂಡಿಸಿಕೊಳ್ಳಲಿ. ಫೋನು ಮಕ್ಕಳಿಗೆ ಗೊತ್ತು, ಮಾಲಿನ ಹೆಸರು ಹಿರಿಯರಿಗೆ ಗೊತ್ತು. ಎರಡೂ ಒಂದೇ ಗದ್ದುಗೆಯ ಮೇಲೆ ಕೂತರೆ ಕೆಲಸ ಮುಗಿದಂತೆ.